ದೊಡ್ಡಜಾಲ, ಚಿಕ್ಕಜಾಲ ಮತ್ತು ಹೆಚ್ಚು–ಕಮ್ಮಿಯ ಚಿಹ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತು ನಿಮ್ಮನ್ನ ಬಳ್ಳಾರಿ ರಸ್ತೆಯಲ್ಲಿ ಒಂದು ಸುತ್ತು ಕರ್ಕೊಂಡು ಹೋಗ್ತೀನಿ. ವಿಷಯ ಮಾತ್ರ ಗಣಿತದ್ದು. ಹೆದರಬೇಡಿ, ಪರೀಕ್ಷೆ ಇಲ್ಲ.

ಕಳೆದ ವಾರ ಯಲಹಂಕದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಎರಡನೇ ಕ್ಲಾಸು. ಹೋಮ್‌ವರ್ಕ್ ಪುಸ್ತಕ ಮುಂದೆ ಇಟ್ಕೊಂಡು ಮುಖ ಊದಿಸ್ಕೊಂಡು ಕೂತಿದ್ಲು. ಹತ್ತು ಲೆಕ್ಕದಲ್ಲಿ ಆರಕ್ಕೆ ಕೆಂಪು ಗೆರೆ. ಲೆಕ್ಕ ಏನಪ್ಪಾ ಅಂದ್ರೆ, ಎರಡು ಸಂಖ್ಯೆ, ನಡುವೆ ಖಾಲಿ ಜಾಗ. ಅಲ್ಲಿ ಗ್ರೇಟರ್ ದ್ಯಾನ್ ಅಥವಾ ಲೆಸ್ ದ್ಯಾನ್ ಚಿಹ್ನೆ ಹಾಕ್ಬೇಕು. 'ಮೂರು ದೊಡ್ಡದೋ ಐದು ದೊಡ್ಡದೋ?' ಅಂತ ಕೇಳಿದೆ. 'ಮಾಮ, ಅಷ್ಟೂ ಗೊತ್ತಿಲ್ವಾ ನಂಗೆ? ಐದು!' ಅಂತ ನನ್ನನ್ನೇ ಗದರಿಸಿದ್ಲು. ಆದರೂ ಪುಸ್ತಕದಲ್ಲಿ ಬರೆದಿದ್ದು 3 > 5.

ನನಗೆ ನನ್ನ ಬಾಲ್ಯ ನೆನಪಾಯ್ತು. ನಾನೂ ಇದನ್ನೇ ಉಲ್ಟಾ ಬರೀತಿದ್ದೆ. ಟ್ಯೂಷನ್‌ನಲ್ಲಿ ಎಲ್ಲರ ಮುಂದೆ ನಿಲ್ಲಿಸಿ, 'ಇವನಿಗೆ ದೊಡ್ಡದು ಚಿಕ್ಕದು ಅನ್ನೋದೇ ಗೊತ್ತಿಲ್ಲ' ಅಂತ ನಗಾಡಿದ್ರು. ಆಮೇಲೆ ಎಷ್ಟೋ ವರ್ಷ 'ನನಗೆ ಗಣಿತ ಬರಲ್ಲ' ಅನ್ನೋದನ್ನ ನಾನು ನಂಬಿಕೊಂಡೇ ಇದ್ದೆ. ಅಕ್ಕನ ಮಗಳು ಮೊನ್ನೆ ಅದೇ ಮಾತು ಅಂದಾಗ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯ್ತು. ಅವಳಿಗೆ ದೊಡ್ಡದು ಯಾವುದು ಅಂತ ಚೆನ್ನಾಗಿ ಗೊತ್ತು. ಹಾಗಾದ್ರೆ ತಪ್ಪಾಗ್ತಿರೋದು ಎಲ್ಲಿ? ಈ ಚಿಹ್ನೆ ಯಾರದ್ದು, ಎಲ್ಲಿಂದ ಬಂತು ಅಂತ ಹುಡುಕೋಕೆ ಶುರು ಮಾಡಿದೆ. ಅದೇ ಇವತ್ತಿನ ಕಥೆ.

ಬೋರ್ಡುಗಳಲ್ಲೇ ಇರೋ ಗಣಿತ

ವಾಪಸ್ ಬರುವಾಗ ಒಂದು ವಿಷಯ ಹೊಳೀತು. ನಮ್ಮ ಉತ್ತರ ಬೆಂಗಳೂರಿನ ಊರುಗಳ ಹೆಸರು ನೋಡಿ. ಏರ್‌ಪೋರ್ಟ್ ದಾರಿಯಲ್ಲಿ ಚಿಕ್ಕಜಾಲ ಇದೆ, ದೊಡ್ಡಜಾಲ ಇದೆ. ವಿದ್ಯಾರಣ್ಯಪುರದ ಕಡೆ ದೊಡ್ಡಬೊಮ್ಮಸಂದ್ರ, ಯಲಹಂಕದ ಕಡೆ ಚಿಕ್ಕಬೊಮ್ಮಸಂದ್ರ. ದೊಡ್ಡಬೆಟ್ಟಹಳ್ಳಿ, ಚಿಕ್ಕಬೆಟ್ಟಹಳ್ಳಿ. ಇನ್ನೂ ಮುಂದೆ ಹೋದ್ರೆ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ. ಎರಡು ಊರನ್ನ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ಯಾರೋ ಒಂದು ಕಾಲದಲ್ಲಿ ಹೋಲಿಸಿ ನೋಡಿದ್ದಾರೆ. ಆ ಹೋಲಿಕೆ ಇವತ್ತಿಗೂ ಬಸ್ಸಿನ ಬೋರ್ಡ್ ಮೇಲೆ ಓಡಾಡ್ತಾ ಇದೆ.

ಹೆಬ್ಬಾಳ ಅನ್ನೋ ಹೆಸರಲ್ಲೂ ಇದೇ ಇದೆ. ಹಳಗನ್ನಡದಲ್ಲಿ 'ಪೆರ್' ಅಂದ್ರೆ ದೊಡ್ಡ, ಹಿರಿದಾದ. ಅದೇ ಮುಂದೆ 'ಹೆ' ಆಯ್ತು. ಹೆಬ್ಬಾವು, ಹೆಮ್ಮರ, ಹೆಬ್ಬಾಗಿಲು, ಹೆದ್ದಾರಿ, ಎಲ್ಲಾ ಇದೇ ಕುಟುಂಬ. 2018ರಲ್ಲಿ ಹೆಬ್ಬಾಳದಲ್ಲಿ ಒಂದು ಶಾಸನ ಸಿಕ್ಕಿದ್ದು ನೆನಪಿದ್ಯಾ? ಕಿತ್ತಯ್ಯ ಅನ್ನೋ ವೀರನ ಕಲ್ಲು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು ಅಂತ ವಿದ್ವಾಂಸರು ಗುರುತಿಸಿದ್ದಾರೆ. ಅದರಲ್ಲಿ ಈ ಜಾಗದ ಹೆಸರು ಪೆರ್ಬೊಳಲ್ ನಾಡು. 'ಪೊಳಲ್' ಅಂದ್ರೆ ಊರು, ಪಟ್ಟಣ. ಪೆರ್ಬೊಳಲ್ ಅಂದ್ರೆ ದೊಡ್ಡ ಊರು. ಅಂದ್ರೆ ಫ್ಲೈಓವರ್ ಬರೋಕೆ ಸಾವಿರದಿನ್ನೂರು ವರ್ಷ ಮೊದಲೇ ಹೆಬ್ಬಾಳ ತನ್ನ ಪಕ್ಕದ ಊರುಗಳಿಗಿಂತ 'ಗ್ರೇಟರ್' ಅಂತ ಹೆಸರು ಮಾಡಿತ್ತು.

ಆ ಕಲ್ಲಲ್ಲಿ ಊರಿನ ಹೆಸರಿನ ಜೊತೆ ಒಂದು ಸಂಖ್ಯೆನೂ ಇದೆ, ಮೂವತ್ತು. ಆಗಿನ ಕಾಲದಲ್ಲಿ ಪ್ರದೇಶಗಳಿಗೆ ಸಂಖ್ಯೆ ಸೇರಿಸಿ ಹೇಳೋದು ರೂಢಿ. ಗಂಗವಾಡಿ 96,000, ನೊಳಂಬವಾಡಿ 32,000, ಬನವಾಸಿ 12,000. ಆ ಸಂಖ್ಯೆ ನಿಜವಾಗಿ ಏನನ್ನ ಎಣಿಸುತ್ತೆ ಅನ್ನೋದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ, ಅದು ಬೇರೆ ಮಾತು. ಕೇಳಿದವರಿಗಂತೂ ಯಾವುದು ದೊಡ್ಡ ನಾಡು, ಯಾವುದು ಚಿಕ್ಕದು ಅಂತ ತಕ್ಷಣ ತಿಳೀತಿತ್ತು.

ನಮ್ಮ ಅಂಕಿಗಳ ಹೆಸರಿನ ಒಳಗೂ ಕಮ್ಮಿ ಅನ್ನೋದು ಅಡಗಿದೆ. ಸಂಸ್ಕೃತದಲ್ಲಿ ಹತ್ತೊಂಬತ್ತಕ್ಕೆ ಏಕೋನವಿಂಶತಿ ಅಂತಾರೆ. ಏಕ, ಊನ, ವಿಂಶತಿ. ಇಪ್ಪತ್ತಕ್ಕೆ ಒಂದು ಕಮ್ಮಿ. ನಮ್ಮ ಒಂಬತ್ತನ್ನೂ ಭಾಷಾ ವಿದ್ವಾಂಸರು ಹೀಗೇ ಬಿಡಿಸ್ತಾರೆ. ಒನ್ ಮತ್ತು ಪತ್ತು ಸೇರಿ ಒಂಬತ್ತು, ಹತ್ತಕ್ಕೆ ಒಂದು ಕಮ್ಮಿ. ಒಂಬತ್ತು ಅಂದಾಗೆಲ್ಲ ನಾವು ನಮಗೇ ಗೊತ್ತಿಲ್ಲದೆ ಒಂದು ಹೋಲಿಕೆ ಹೇಳ್ತಾ ಇರ್ತೀವಿ.

ಕರ್ನಾಟಕದಲ್ಲಿ ಗಣಿತದ ಪುಸ್ತಕಗಳಿಗೂ ಕೊರತೆ ಇರಲಿಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಬಡ್ಡಿ, ಅಳತೆ, ವ್ಯಾಪಾರ ಎಲ್ಲಾ ಅದರಲ್ಲಿದೆ. ಆದರೆ ಹೆಚ್ಚು, ಕಮ್ಮಿ, ಅಧಿಕ, ಊನ, ಇದೆಲ್ಲ ಇದ್ದದ್ದು ಮಾತಲ್ಲಿ. ಗೆರೆ ಎಳೆದು ತೋರಿಸೋ ಚಿಹ್ನೆ ಇರಲಿಲ್ಲ. ನಮ್ಮಲ್ಲಿ ಅಂತಲ್ಲ, ಪ್ರಪಂಚದಲ್ಲಿ ಎಲ್ಲೂ ಇರಲಿಲ್ಲ.

ಸತ್ತು ಹತ್ತು ವರ್ಷದ ಮೇಲೆ ಬಂದ ಪುಸ್ತಕ

ಮೊದಲು ಹುಟ್ಟಿದ್ದು ಸಮ ಚಿಹ್ನೆ. 1557ರಲ್ಲಿ ವೇಲ್ಸ್‌ನ ವೈದ್ಯ ಮತ್ತು ಗಣಿತಜ್ಞ ರಾಬರ್ಟ್ ರೆಕಾರ್ಡ್ ಒಂದು ಪುಸ್ತಕ ಬರೆದ. ಪ್ರತೀ ಸಲ 'ಇದಕ್ಕೆ ಅದು ಸಮ' ಅಂತ ಬರೆದು ಬರೆದು ಅವನಿಗೆ ಬೇಸರ ಬಂದಿತ್ತು. ಅಕ್ಕಪಕ್ಕ ಒಂದೇ ಉದ್ದದ ಎರಡು ಗೆರೆ ಎಳೆದುಬಿಟ್ಟ. ಅವಕ್ಕಿಂತ ಸಮವಾದ ಜೋಡಿ ಇನ್ಯಾವುದು ಇರೋಕೆ ಸಾಧ್ಯ ಅನ್ನೋದು ಅವನ ವಾದ.

ಸಮ ಇಲ್ಲದ್ದಕ್ಕೆ ಚಿಹ್ನೆ ಬರೋಕೆ ಇನ್ನೂ 74 ವರ್ಷ ಬೇಕಾಯ್ತು. ಅದನ್ನ ತಂದವನು ಥಾಮಸ್ ಹ್ಯಾರಿಯಟ್ ಅನ್ನೋ ಇಂಗ್ಲಿಷ್ ಗಣಿತಜ್ಞ, 1560ರಲ್ಲಿ ಹುಟ್ಟಿದವನು. ಇವನ ಜೀವನ ಒಂದು ವೆಬ್ ಸೀರೀಸ್‌ಗೆ ಸಾಕು. ವಾಲ್ಟರ್ ರಾಲಿ ಅನ್ನೋ ಸಾಹಸಿ ಇವನನ್ನ 1585ರಲ್ಲಿ ಅಮೆರಿಕದ ರೋನೋಕ್‌ಗೆ ಕಳಿಸಿದ. ಅಲ್ಲಿನ ಮೂಲನಿವಾಸಿಗಳ ಭಾಷೆ ಕಲಿತ. 1609ರ ಜುಲೈನಲ್ಲಿ ದೂರದರ್ಶಕದಲ್ಲಿ ಚಂದ್ರನನ್ನ ನೋಡಿ ಚಿತ್ರ ಬಿಡಿಸಿದ, ಗೆಲಿಲಿಯೋಗಿಂತ ಮೊದಲೇ. ಆದರೆ ಗಣಿತದಲ್ಲಿ ಮಾಡಿದ ಒಂದನ್ನೂ ಅಚ್ಚು ಹಾಕಿಸಲಿಲ್ಲ. ಮೂಗಿನ ಕ್ಯಾನ್ಸರ್ ಬಂದು 1621ರಲ್ಲಿ ತೀರಿಕೊಂಡ. ಮನೆಯಲ್ಲಿ ಉಳಿದಿದ್ದು ಸಾವಿರಾರು ಹಾಳೆ.

ಹತ್ತು ವರ್ಷದ ನಂತರ, 1631ರಲ್ಲಿ, ಆ ಹಾಳೆಗಳಿಂದ ಒಂದಷ್ಟು ಆರಿಸಿ ವಾಲ್ಟರ್ ವಾರ್ನರ್ ಮುಂತಾದ ಸ್ನೇಹಿತರು ಲ್ಯಾಟಿನ್‌ನಲ್ಲಿ ಒಂದು ಬೀಜಗಣಿತದ ಪುಸ್ತಕ ಹೊರತಂದರು. ಅದರಲ್ಲಿ ನಮ್ಮ ಈ ಎರಡು ಚಿಹ್ನೆ ಅಚ್ಚಾಗಿ ಬಂದವು. ಹ್ಯಾರಿಯಟ್‌ನ ಕೈಬರಹದಲ್ಲಿ ಅವು ಇವತ್ತಿನ ರೂಪದಲ್ಲೇ ಇರಲಿಲ್ಲ. ಅಚ್ಚಿಗೆ ಹೋಗುವಾಗ ಎರಡು ಗೆರೆಯ ಸರಳ ಆಕಾರ ಬಂತು. ಅಮೆರಿಕದಲ್ಲಿ ಒಬ್ಬ ಮೂಲನಿವಾಸಿಯ ಮೈಮೇಲಿದ್ದ ಹಚ್ಚೆ ನೋಡಿ ಈ ಆಕಾರ ಹೊಳೆದಿರಬಹುದು ಅಂತ ಊಹೆ ಮಾಡಿದವರೂ ಇದ್ದಾರೆ. ಚಂದದ ಕಥೆ, ಆದರೆ ಪುರಾವೆ ಇಲ್ಲ.

ಆಕಾರದಲ್ಲಿ ಒಂದು ಜಾಣತನ ಇದೆ ನೋಡಿ. ರೆಕಾರ್ಡ್‌ನ ಸಮ ಚಿಹ್ನೆಯಲ್ಲಿ ಎರಡು ಗೆರೆಯ ನಡುವಿನ ಜಾಗ ಎರಡೂ ತುದಿಯಲ್ಲಿ ಒಂದೇ. ಆ ಗೆರೆಗಳನ್ನೇ ಒಂದು ಕಡೆ ಕೂಡಿಸಿ, ಇನ್ನೊಂದು ಕಡೆ ಅಗಲಿಸಿ. ಅಗಲ ಇರೋ ಕಡೆ ದೊಡ್ಡ ಸಂಖ್ಯೆ, ಕೂಡಿಕೊಂಡಿರೋ ಕಡೆ ಚಿಕ್ಕ ಸಂಖ್ಯೆ. ಅದೇ ವರ್ಷ ವಿಲಿಯಂ ಔಟ್ರೆಡ್ ಅನ್ನೋ ಇನ್ನೊಬ್ಬ ಗಣಿತಜ್ಞ ಬೇರೆ ಜೋಡಿ ಚಿಹ್ನೆ ತಂದಿದ್ದ, ಚೌಕದ ಒಂದು ಬದಿ ಬಿಟ್ಟು ಬರೆದ ಹಾಗೆ. ಅದನ್ನೂ ಜನ ತುಂಬಾ ಕಾಲ ಬಳಸಿದರು. ಆದರೆ ಯಾವುದು ಹೆಚ್ಚು ಯಾವುದು ಕಮ್ಮಿ ಅಂತ ಆಕಾರ ನೋಡಿ ಹೇಳೋಕೆ ಆಗ್ತಿರಲಿಲ್ಲ. ಕೊನೆಗೆ ಉಳಿದಿದ್ದು ಹ್ಯಾರಿಯಟ್‌ನದ್ದು.

ಕೆಳಗೆ ಒಂದು ಗೆರೆ

ಇನ್ನೊಂದು ನೂರು ವರ್ಷ ಮುಂದೆ ಬನ್ನಿ. 1734ರಲ್ಲಿ ಫ್ರಾನ್ಸಿನ ಪಿಯರ್ ಬೂಗೇರ್ ಈ ಚಿಹ್ನೆಯ ಕೆಳಗೆ ಸಮ ಚಿಹ್ನೆಯನ್ನೂ ಸೇರಿಸಿದ. ಎರಡು ಗೆರೆ ಇದ್ದದ್ದು ನಾವು ಬರೆಯುವಾಗ ಒಂದೇ ಗೆರೆಯಾಗಿದೆ: ≥, ≤. ಹೆಚ್ಚು ಅಥವಾ ಸಮ, ಕಮ್ಮಿ ಅಥವಾ ಸಮ.

ಒಂದು ಗೆರೆಯಲ್ಲಿ ಏನಿದೆ ಅಂತೀರಾ? ಹದಿನೆಂಟು ವರ್ಷ ತುಂಬಿದವರಿಗೆ ವೋಟ್ ಹಾಕೋ ಹಕ್ಕು. ಅಂದ್ರೆ ವಯಸ್ಸು ≥ 18. ಆ ಕೆಳಗಿನ ಗೆರೆ ತೆಗೆದುಬಿಟ್ರೆ ಸರಿಯಾಗಿ ಹದಿನೆಂಟು ಆದವರು ಹೊರಗೆ ಉಳೀತಾರೆ. ಆಫೀಸಿನ ನಿಯಮ ಇರಲಿ, ಸ್ಕಾಲರ್‌ಶಿಪ್ ಫಾರಂ ಇರಲಿ, 'ಮೀರಿದ', 'ಮೀರದ', 'ಕನಿಷ್ಠ', 'ಗರಿಷ್ಠ' ಅನ್ನೋ ಪದಗಳು ಬಂದಾಗೆಲ್ಲ ಆ ಗೆರೆ ಇದ್ಯಾ ಇಲ್ವಾ ಅಂತ ನೋಡ್ಕೊಳ್ಳಿ. ವರ್ಷಕ್ಕೆ ಎರಡೂವರೆ ಲಕ್ಷ ಮೀರದ ಆದಾಯ ಅಂದ್ರೆ, ಸರಿಯಾಗಿ ಎರಡೂವರೆ ಲಕ್ಷ ಇರೋ ಮನೆಯ ಹುಡುಗಿಯೂ ಒಳಗೇ ಇದ್ದಾಳೆ. ಕೌಂಟರ್‌ನಲ್ಲಿ ಧೈರ್ಯವಾಗಿ ಹೇಳಬಹುದು.

ಈ ಬೂಗೇರ್ ಗೆರೆ ಹಾಕಿ ಸುಮ್ಮನೆ ಕೂತವನಲ್ಲ. ಮರುವರ್ಷ, 1735ರಲ್ಲಿ, ಭೂಮಿಯ ಆಕಾರ ಅಳೆಯೋಕೆ ಅಂತ ದಕ್ಷಿಣ ಅಮೆರಿಕಕ್ಕೆ ಹೊರಟ ತಂಡದಲ್ಲಿ ಸೇರಿಕೊಂಡ. ಬೆಟ್ಟದ ಪಕ್ಕ ತೂಗುಗುಂಡು ಇಳಿಬಿಟ್ರೆ ಅದು ನೇರ ಕೆಳಗೆ ಇಳಿಯದೆ ಬೆಟ್ಟದ ಕಡೆ ಒಂಚೂರು ವಾಲುತ್ತಾ ಅಂತ ಪರೀಕ್ಷೆ ಮಾಡಿದ. ಇವತ್ತಿಗೂ ಭೂವಿಜ್ಞಾನಿಗಳು ಗುರುತ್ವಾಕರ್ಷಣೆಯ ನಕ್ಷೆ ಮಾಡುವಾಗ ಅವನ ಹೆಸರಿನ ಲೆಕ್ಕವನ್ನೇ ಹಾಕ್ತಾರೆ. ಭೂಮಿ ಅಳೆಯೋರಿಗೂ ಹೆಚ್ಚು–ಕಮ್ಮಿಗೂ ಇರೋ ನಂಟು ನಮ್ಮ ಊರಲ್ಲೂ ಇದೆ.

ನಾಲ್ಕಿಂಚಿಗೂ ಕಮ್ಮಿ

1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಸತ್ತ. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಅನ್ನೋ ಬ್ರಿಟಿಷ್ ಅಧಿಕಾರಿ, ಇಡೀ ದೇಶವನ್ನ ತ್ರಿಕೋನಗಳಲ್ಲಿ ಅಳೀತೀನಿ ಅಂತ ಹೊರಟ. ಅದೇ ಮುಂದೆ ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆ ಆಯ್ತು. ಎವರೆಸ್ಟ್ ಎತ್ತರ ಲೆಕ್ಕ ಹಾಕಿದ್ದು ಇದೇ ಸರ್ವೆ. ಇದರ ಮೊದಲ ಅಭ್ಯಾಸ ನಡೆದಿದ್ದು ಬೆಂಗಳೂರಿನ ಹತ್ತಿರ, 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ.

ಕೆಲಸ ಹೇಗೆ? ಮೊದಲು ಸಮತಟ್ಟಾದ ಜಾಗದಲ್ಲಿ ಏಳು ಮೈಲಿಗೂ ಮಿಕ್ಕಿದ ಒಂದು ನೇರ ಗೆರೆಯನ್ನ ಸರಪಳಿ ಹಿಡಿದು ಅಳೀಬೇಕು. ಅದಕ್ಕೆ ಬೇಸ್‌ಲೈನ್ ಅಂತಾರೆ. ಆಮೇಲೆ ಅದರ ಎರಡು ತುದಿಯಿಂದ ದೂರದ ಗುಡ್ಡಕ್ಕೆ ಕೋನ ನೋಡಿದ್ರೆ ಸಾಕು, ಉಳಿದ ದೂರ ಲೆಕ್ಕದಲ್ಲೇ ಸಿಗುತ್ತೆ. ಲ್ಯಾಂಬ್ಟನ್ ಹತ್ತಿರ ಇದ್ದಿದ್ದು ನೂರು ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆ ಉಡುಗೊರೆ ಅಂತ ಹೋಗಿ, ಅಲ್ಲಿ ಬೇಡವಾಗಿ ಇಲ್ಲಿಗೆ ಬಂದಿದ್ದ ಸರಪಳಿ ಅದು. ಬಿಸಿಲಿಗೆ ಉಕ್ಕು ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ಅದಕ್ಕೆ ಅದನ್ನ ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ನೂರು ನೂರು ಅಡಿಯಾಗಿ ಮುಂದೆ ಸರಿಸ್ತಾ ಹೋಗ್ತಿದ್ರು.

1802ರಲ್ಲಿ ಮದರಾಸಿನಲ್ಲಿ ಇನ್ನೊಂದು ಬೇಸ್‌ಲೈನ್ ಅಳೆದು, ಅಲ್ಲಿಂದ ತ್ರಿಕೋನಗಳನ್ನ ಹೆಣೀತಾ ಬೆಂಗಳೂರಿಗೆ ಬಂದರು. ಲೆಕ್ಕ ಸರಿ ಇದ್ಯಾ ಅಂತ ನೋಡೋಕೆ 1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೊಂದು ಗೆರೆಯನ್ನ ಕೈಯಾರೆ ಅಳೆದರು. ಮದರಾಸಿನಿಂದ ಲೆಕ್ಕ ಹಾಕಿ ಬಂದ ಉದ್ದ ಒಂದು, ನೆಲದ ಮೇಲೆ ಅಳೆದ ಉದ್ದ ಇನ್ನೊಂದು. ಅವೆರಡರ ವ್ಯತ್ಯಾಸ ಎಷ್ಟು ಗೊತ್ತಾ? ನಾಲ್ಕು ಇಂಚಿಗಿಂತ ಕಮ್ಮಿ. ಮುನ್ನೂರು ಕಿಲೋಮೀಟರ್ ದೂರದಿಂದ, ಗುಡ್ಡದಿಂದ ಗುಡ್ಡಕ್ಕೆ ಹಾರಿ ಬಂದ ಲೆಕ್ಕದಲ್ಲಿ ನಾಲ್ಕಿಂಚಿಗೂ ಕಮ್ಮಿ!

ಇಲ್ಲಿ ಗಮನಿಸಿ. ಎರಡೂ ಸಮ ಅಂತ ಯಾರೂ ಹೇಳಲಿಲ್ಲ. ಅಳತೆಯ ಪ್ರಪಂಚದಲ್ಲಿ ಸಮ ಅನ್ನೋದು ಕೈಗೆ ಸಿಗೋದೇ ಇಲ್ಲ. ಬಟ್ಟೆ ಅಂಗಡಿಯ ಮೀಟರ್ ಇರಲಿ, ಆಸ್ಪತ್ರೆಯ ಥರ್ಮಾಮೀಟರ್ ಇರಲಿ, ಎಲ್ಲೋ ಒಂದು ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತೆ. ತಪ್ಪೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬೋ ಹಾಗಿಲ್ಲ. 'ತಪ್ಪಿದ್ರೂ ಇಷ್ಟಕ್ಕಿಂತ ಕಮ್ಮಿ' ಅಂತ ಹೇಳಿದ್ರೆ ನಂಬಬಹುದು. ಅಳತೆ ಮಾಡೋರಿಗೆ ಸಮ ಚಿಹ್ನೆಗಿಂತ ದೊಡ್ಡ ಆಸರೆ ಈ ಕಮ್ಮಿ ಚಿಹ್ನೆ. ನಮ್ಮ ಮಾತಲ್ಲೇ ಇದಕ್ಕೊಂದು ಪದ ಇದೆಯಲ್ಲ: 'ಎಷ್ಟು ದೂರ ಅಣ್ಣಾ?' 'ಹೆಚ್ಚೂ ಕಮ್ಮಿ ಐದು ಕಿಲೋಮೀಟರ್.' ಹೆಚ್ಚೂ ಇರಬಹುದು, ಕಮ್ಮಿಯೂ ಇರಬಹುದು, ಆದರೆ ಅಲ್ಲೇ ಆಸುಪಾಸು. ಲ್ಯಾಂಬ್ಟನ್ ಮಾಡಿದ್ದು ಆ 'ಹೆಚ್ಚೂ ಕಮ್ಮಿ' ಎಷ್ಟು ಅನ್ನೋದಕ್ಕೂ ಒಂದು ಲೆಕ್ಕ ಕೊಟ್ಟಿದ್ದು.

1868ರಲ್ಲಿ ಬೆಂಗಳೂರಲ್ಲಿ ಮತ್ತೆ ಬೇಸ್‌ಲೈನ್ ಅಳೆದರು. ಅದರ ಒಂದು ತುದಿಯ ಕಟ್ಟಡ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿತ್ತು. ಇತ್ತು ಅಂತ ಯಾಕೆ ಹೇಳ್ತಿದ್ದೀನಿ ಅಂದ್ರೆ, ಒಂದೂವರೆ ಶತಮಾನ ನಿಂತಿದ್ದ ಆ ಪುಟ್ಟ ಗೋಪುರ 2024ರಲ್ಲಿ ನೆಲಸಮ ಆಯ್ತು. ಇಂಚು ಇಂಚಿಗೂ ಲೆಕ್ಕ ಇಟ್ಟವರ ಗುರುತು ನಮ್ಮ ಲೆಕ್ಕಕ್ಕೆ ಸಿಗದೆ ಹೋಯ್ತು.

ತಪ್ಪು ಮಗುವಿನದ್ದಾ?

ಈಗ ಅಕ್ಕನ ಮಗಳ ಹತ್ತಿರ ವಾಪಸ್ ಹೋಗೋಣ. ಅವಳು 3 > 5 ಅಂತ ಬರೆದಿದ್ದು ಯಾಕೆ? ನಾನು ಅವಳಿಗೆ, 'ಜೋರಾಗಿ ಹೇಳ್ಕೊಂಡು ಬರಿ ಪುಟ್ಟಿ' ಅಂದೆ. ಅವಳು ಹೇಳಿದ್ದು: 'ಮೂರಕ್ಕಿಂತ ಐದು ದೊಡ್ಡದು.' ಮೊದಲು ಮೂರು ಬರೆದಳು. ಪಕ್ಕದಲ್ಲಿ ಐದು ಬರೆದಳು. 'ದೊಡ್ಡದು' ಅಂದಾಗ ಶಾಲೆಯಲ್ಲಿ ಕಲಿಸಿದ ಗ್ರೇಟರ್ ದ್ಯಾನ್ ಚಿಹ್ನೆಯನ್ನ ನಡುವೆ ತುರುಕಿದಳು. ಅವಳು ಆಡಿದ ಮಾತಲ್ಲಿ ಒಂದಕ್ಷರ ತಪ್ಪಿಲ್ಲ. ಅದು ಶುದ್ಧ ಕನ್ನಡ!

ಇಂಗ್ಲಿಷಲ್ಲಿ ಈ ಸಾಲನ್ನ ಓದೋ ಕ್ರಮ ಬೇರೆ. ಮೊದಲು ಐದು, ಆಮೇಲೆ 'ಗ್ರೇಟರ್ ದ್ಯಾನ್', ಕೊನೆಗೆ ಮೂರು. ಚಿಹ್ನೆಗಳೂ ಅದೇ ಸಾಲಲ್ಲಿ ಕೂತಿವೆ, 5 > 3. ಎಡದಿಂದ ಬಲಕ್ಕೆ ಓದ್ತಾ ಹೋದ್ರೆ ಆಯ್ತು. ಕನ್ನಡದಲ್ಲಿ ಹಾಗಿಲ್ಲ. ನಮ್ಮಲ್ಲಿ ಹೋಲಿಕೆಯ ಕೆಲಸ ಮಾಡೋದು 'ಇಂತ' ಅನ್ನೋ ಪುಟ್ಟ ಬಾಲ. ಅದು ಅಂಟಿಕೊಳ್ಳೋದು ಯಾವುದರ ಜೊತೆ ಹೋಲಿಸ್ತೀವೋ ಅದಕ್ಕೆ: ಮೂರಕ್ಕಿಂತ, ನನಗಿಂತ, ಮೊನ್ನೆಗಿಂತ. 'ದೊಡ್ಡದು' ಅನ್ನೋದು ಬರೋದು ವಾಕ್ಯದ ಕೊನೆಗೆ. 'ಐದು ಮೂರಕ್ಕಿಂತ ದೊಡ್ಡದು' ಅನ್ನಬಹುದು, 'ಮೂರಕ್ಕಿಂತ ಐದು ದೊಡ್ಡದು' ಅಂತಲೂ ಅನ್ನಬಹುದು. ಎರಡೂ ಒಂದೇ ಅರ್ಥ. ಆದರೆ ಯಾವುದನ್ನ ಹೇಳಿದ್ರೂ ದೊಡ್ಡದು ಅನ್ನೋದು ನಡುವೆ ಬರೋದಿಲ್ಲ, ಚಿಹ್ನೆ ಮಾತ್ರ ನಡುವೆಯೇ ಇರಬೇಕು. ಮಗು ಮಾತನ್ನ ಹಾಗೇ ಹಾಳೆಗೆ ಇಳಿಸಿದ್ರೆ ಉಲ್ಟಾ ಆಗೋ ಸಾಧ್ಯತೆ ಇದ್ದೇ ಇದೆ.

ಹಾಗಂತ ಕನ್ನಡ ಗಣಿತಕ್ಕೆ ಅಡ್ಡಿ ಅಂತ ನಾನು ಹೇಳ್ತಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಹಾಳೆ ಮೇಲೆ ಚಿಹ್ನೆ, ಹೀಗೆ ಮಗು ಮೂರು ಭಾಷೆ ದಾಟ್ತಾ ಇದೆ. ನಡುವೆ ಎಡವಿದ್ರೆ ಅದು ದಡ್ಡತನ ಅಲ್ಲ. ಯಾರೂ ಈ ದಾಟುವಿಕೆಯನ್ನ ಬಿಡಿಸಿ ಹೇಳಿಕೊಟ್ಟಿಲ್ಲ, ಅಷ್ಟೇ.

ಶಾಲೆಗಳಲ್ಲಿ ಮೊಸಳೆ ಬಾಯಿ ಅಂತ ಹೇಳ್ಕೊಡ್ತಾರಲ್ಲ, ಹಸಿದ ಮೊಸಳೆ ದೊಡ್ಡ ಸಂಖ್ಯೆ ಕಡೆ ಬಾಯಿ ತೆರೆಯುತ್ತೆ ಅಂತ? ಅದು ಚಿಹ್ನೆ ಹಾಕೋಕೆ ಒಳ್ಳೇದು. ಆದರೆ ಓದೋಕೆ ಸಾಲದು. ನಾನು ಪುಟ್ಟಿಗೆ ಹೇಳಿದ್ದು ಇಷ್ಟು. ಮೊದಲು ಎಡಗಡೆ ಇರೋ ಸಂಖ್ಯೆಯ ಹೆಸರು ಹೇಳು. ಚಿಹ್ನೆ ನೋಡಿ ಮನಸ್ಸಲ್ಲಿ ಇಟ್ಕೋ. ಬಲಗಡೆ ಸಂಖ್ಯೆಗೆ 'ಕ್ಕಿಂತ' ಸೇರಿಸು. ಕೊನೆಗೆ ಇಟ್ಕೊಂಡಿದ್ದನ್ನ ಹೇಳು. 5 > 3: ಐದು... ಮೂರಕ್ಕಿಂತ... ದೊಡ್ಡದು. 3 < 5: ಮೂರು... ಐದಕ್ಕಿಂತ... ಚಿಕ್ಕದು. 'ಕ್ಕಿಂತ' ಯಾವಾಗಲೂ ಬಲಗಡೆಯವರಿಗೆ. ಹತ್ತು ನಿಮಿಷದಲ್ಲಿ ಆರು ತಪ್ಪೂ ಸರಿಯಾದವು. ಪುಟ್ಟಿ ಅದನ್ನ ಜಡೆ ಹಾಕೋ ಆಟದ ಹಾಗೆ ಹೇಳ್ತಾ ಮನೆಯೆಲ್ಲಾ ಓಡಾಡಿದ್ಲು.

ಬಳ್ಳಾರಿ ರಸ್ತೆಯಲ್ಲಿ ಮೈನಸ್

ಸ್ವಲ್ಪ ದೊಡ್ಡ ಮಕ್ಕಳಿಗೆ, ಯಾಕೆ, ನಮಗೂ ಕಾಡೋ ಇನ್ನೊಂದು ವಿಷಯ ಇದೆ. ಮೈನಸ್ ಐದು, ಮೈನಸ್ ಮೂರಕ್ಕಿಂತ ಕಮ್ಮಿ ಅಂತಾರೆ. ಐದು ದೊಡ್ಡದಲ್ವಾ ಅನ್ಸುತ್ತೆ. ಅಸಮತೆಯನ್ನ ಮೈನಸ್ ಸಂಖ್ಯೆಯಿಂದ ಗುಣಿಸಿದ್ರೆ ಚಿಹ್ನೆ ತಿರುಗಿಸಬೇಕು ಅಂತ ಹೈಸ್ಕೂಲಲ್ಲಿ ಬಾಯಿಪಾಠ ಮಾಡ್ಸಿದ್ರು. ಯಾಕೆ ಅಂತ ಕೇಳಿದ್ರೆ, 'ರೂಲ್ ಅದು' ಅಂತ ಉತ್ತರ.

ಬಳ್ಳಾರಿ ರಸ್ತೆಯನ್ನೇ ಸಂಖ್ಯಾರೇಖೆ ಅಂತ ಇಟ್ಕೊಳ್ಳಿ. ಹೆಬ್ಬಾಳ ಸೊನ್ನೆ. ಉತ್ತರಕ್ಕೆ ಹೋದ್ರೆ ಪ್ಲಸ್: ಬ್ಯಾಟರಾಯನಪುರ, ಯಲಹಂಕ, ಚಿಕ್ಕಜಾಲ. ದಕ್ಷಿಣಕ್ಕೆ ಹೋದ್ರೆ ಮೈನಸ್: ಮೇಖ್ರಿ ಸರ್ಕಲ್, ಕಾವೇರಿ ಥಿಯೇಟರ್ ಜಂಕ್ಷನ್. ಗಣಿತದಲ್ಲಿ ಹೆಚ್ಚು ಅಂದ್ರೆ 'ಹೆಬ್ಬಾಳದಿಂದ ಹೆಚ್ಚು ದೂರ' ಅಂತಲ್ಲ. 'ಇನ್ನೂ ಉತ್ತರಕ್ಕೆ' ಅಂತ. ಅಷ್ಟೇ ಗುಟ್ಟು. ಕಾವೇರಿ ಥಿಯೇಟರ್ ಜಂಕ್ಷನ್ ಹೆಬ್ಬಾಳದಿಂದ ದೂರ ಇರಬಹುದು, ಆದರೆ ಮೇಖ್ರಿ ಸರ್ಕಲ್‌ಗಿಂತ ಇನ್ನೂ ದಕ್ಷಿಣಕ್ಕಿದೆ. ಅದಕ್ಕೆ ಅದು ಕಮ್ಮಿ. ಮೈನಸ್ ಒಂದರಿಂದ ಗುಣಿಸೋದು ಅಂದ್ರೆ ಹೆಬ್ಬಾಳದಲ್ಲಿ ಒಂದು ಕನ್ನಡಿ ನಿಲ್ಲಿಸಿದ ಹಾಗೆ. ಉತ್ತರದಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ದಕ್ಷಿಣದಲ್ಲಿ ಎಲ್ಲರಿಗಿಂತ ಹಿಂದೆ ಆಗ್ತಾನೆ. ಸಾಲು ತಿರುಗಿತು, ಚಿಹ್ನೆಯೂ ತಿರುಗಿತು.

ಚಿಕ್ಕಬೊಮ್ಮಸಂದ್ರದ ದೊಡ್ಡ ಕೆಲಸ

ಈ ಚಿಹ್ನೆ ಎರಡನೇ ಕ್ಲಾಸಿನ ವಿಷಯ ಅಂದ್ಕೊಂಡ್ರೆ, ಚಿಕ್ಕಬೊಮ್ಮಸಂದ್ರಕ್ಕೆ ಬನ್ನಿ. ಅಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನ ಒಂದು ಗಣಿತ ಕೇಂದ್ರ ಇದೆ. ಮೊದಲು ಯಶವಂತಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿತ್ತು, ಆಮೇಲೆ ಇಲ್ಲಿಗೆ ಬಂತು. ಗಾಳಿ, ನೀರು, ಶಾಖ ಹೇಗೆ ಹರಿಯುತ್ತೆ ಅಂತ ವಿವರಿಸೋ ಸಮೀಕರಣಗಳು ಇಲ್ಲಿನವರ ಮುಖ್ಯ ಕೆಲಸ. ಈ ಸಮೀಕರಣಗಳಲ್ಲಿ ಎಷ್ಟೋ ಎಂಥ ಮೊಂಡು ಅಂದ್ರೆ, ನಿಖರವಾದ ಉತ್ತರ ಕೈಗೆ ಸಿಗೋದೇ ಇಲ್ಲ. ಆಗ ಗಣಿತಜ್ಞರು ಪ್ರಶ್ನೆ ಬದಲಾಯಿಸ್ತಾರೆ. ಉತ್ತರ ಎಷ್ಟು ಅಂತ ಬೇಡ, ಎಷ್ಟನ್ನ ಮೀರೋದಿಲ್ಲ ಅಂತ ಹೇಳೋಕಾಗುತ್ತಾ?

ಮೋಸರ್–ಟ್ರುಡಿಂಗರ್ ಅಸಮತೆ ಅಂತ ಒಂದು ಪ್ರಸಿದ್ಧ ಫಲಿತಾಂಶ ಇದೆ, 1960–70ರ ದಶಕದ್ದು. ತುಂಬಾ ಸರಳ ಮಾಡಿ ಹೇಳೋದಾದ್ರೆ, ಒಂದು ಮೇಲ್ಮೈ ಒಟ್ಟಾರೆ ಎಷ್ಟು ಕಡಿದಾಗಿ ಏರಿಳಿಯುತ್ತೆ ಅನ್ನೋದಕ್ಕೆ ಮಿತಿ ಹಾಕಿದ್ರೆ, ಅದು ಎಷ್ಟು ಬೆಳೀಬಹುದು ಅನ್ನೋದಕ್ಕೂ ಮಿತಿ ಸಿಗುತ್ತೆ. ಈ ಕೇಂದ್ರದ ಆದಿಮೂರ್ತಿ ಮತ್ತು ಸಂದೀಪ್ ಇದರದ್ದೇ ಒಂದು ಹೊಸ ರೂಪವನ್ನ 2007ರಲ್ಲಿ ಪ್ರಕಟಿಸಿದರು. ಪ್ರಪಂಚದ ಬೇರೆ ಬೇರೆ ಕಡೆಯ ಗಣಿತಜ್ಞರು ಅದನ್ನ ಬಳಸ್ತಾರೆ. ಇಬ್ಬರಿಗೂ ಭಟ್ನಾಗರ್ ಪ್ರಶಸ್ತಿ ಬಂದಿದೆ, ಆದಿಮೂರ್ತಿ ಅವರಿಗೆ 1997ರಲ್ಲಿ, ಸಂದೀಪ್ ಅವರಿಗೆ 2015ರಲ್ಲಿ. ಆ ಪ್ರಬಂಧಗಳ ಹೃದಯದಲ್ಲಿ ಇರೋದು ಪುಟ್ಟಿಯ ಹೋಮ್‌ವರ್ಕಿನ ಅದೇ ಚಿಹ್ನೆ, ಕೆಳಗೆ ಬೂಗೇರ್‌ನ ಗೆರೆ.

'ಮೀರೋದಿಲ್ಲ' ಅನ್ನೋ ಮಾತಿನ ಬೆಲೆ ಯಲಹಂಕದವರಿಗೆ ಹೇಳಿಕೊಡಬೇಕಾಗಿಲ್ಲ. 2024ರ ಅಕ್ಟೋಬರ್ ಮಳೆಗೆ ಅಪಾರ್ಟ್‌ಮೆಂಟ್ ಒಳಗೆ ನೀರು ನುಗ್ಗಿ, ಜನರನ್ನ ದೋಣಿಯಲ್ಲಿ ಕರ್ಕೊಂಡು ಬಂದಿದ್ದು ನೆನಪಿದೆ ತಾನೇ? ಮಳೆ ಇಷ್ಟೇ ಸೆಂಟಿಮೀಟರ್ ಬರುತ್ತೆ ಅಂತ ನಿಖರವಾಗಿ ಯಾರಿಂದಲೂ ಹೇಳೋಕಾಗಲ್ಲ. ರಾಜಕಾಲುವೆ ಕಟ್ಟೋರಿಗೆ ಬೇಕಾಗಿರೋದು, ಇಷ್ಟಕ್ಕಿಂತ ಹೆಚ್ಚು ನೀರು ಬರಲಾರದು, ಬಂದ್ರೂ ಕಾಲುವೆಯ ಅಳವು ಅದಕ್ಕಿಂತ ಹೆಚ್ಚಿದೆ ಅನ್ನೋ ಭರವಸೆ. ಆ ಲೆಕ್ಕ ಉಲ್ಟಾ ಆದ್ರೆ ಕೆಂಪು ಗೆರೆ ಬೀಳೋದು ಪುಸ್ತಕದ ಮೇಲಲ್ಲ.

ಕಂಪ್ಯೂಟರ್‌ಗೂ ಇದೇ ಚಿಹ್ನೆ ಬೇಕು. ತಮಾಷೆ ಅಂದ್ರೆ, ಶುರುವಿನ ಫೋರ್ಟ್ರಾನ್ ಭಾಷೆಯಲ್ಲಿ ಈ ಚಿಹ್ನೆ ಹಾಕೋಕೆ ಆಗ್ತಿರಲಿಲ್ಲ. ಆಗಿನ ಪಂಚ್ ಕಾರ್ಡ್‌ನ ಅಕ್ಷರಗಳಲ್ಲಿ ಅದಕ್ಕೆ ಜಾಗ ಇರಲಿಲ್ಲ. ಚುಕ್ಕೆ ಹಾಕಿ 'ಎಲ್‌ಟಿ', 'ಜಿಟಿ' ಅಂತ ಬರೀತಿದ್ರು. ಇವತ್ತು ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೂತು ಕೋಡ್ ಬರೆಯೋ ನಿಮ್ಮಲ್ಲಿ ಎಷ್ಟೋ ಜನ ದಿನಕ್ಕೆ ನೂರು ಸಲ ಆ ಕೀ ಒತ್ತುತ್ತೀರಿ. ಗೆರೆ ಇರೋ ಚಿಹ್ನೆಗೆ ಮಾತ್ರ ಕೀಬೋರ್ಡಲ್ಲಿ ಇವತ್ತಿಗೂ ಜಾಗ ಇಲ್ಲ. ಅದಕ್ಕೇ ಪಕ್ಕದಲ್ಲಿ ಸಮ ಚಿಹ್ನೆ ಒತ್ತಬೇಕು. ರೆಕಾರ್ಡ್ ಮತ್ತು ಹ್ಯಾರಿಯಟ್ ನಿಮ್ಮ ಬೆರಳ ತುದಿಯಲ್ಲಿ ಮತ್ತೆ ಜೊತೆಯಾಗ್ತಾರೆ.

ಯಾವುದರಲ್ಲಿ ದೊಡ್ಡದು?

ಮುಗಿಸೋ ಮುಂಚೆ ಒಂದು ಮಾತು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಅಂದೆನಲ್ಲ? 2007ರಲ್ಲಿ ಹೊಸ ಜಿಲ್ಲೆ ಆದಾಗ ಜಿಲ್ಲಾ ಕೇಂದ್ರದ ಪಟ್ಟ ಸಿಕ್ಕಿದ್ದು ಚಿಕ್ಕಬಳ್ಳಾಪುರಕ್ಕೆ. ದೊಡ್ಡಬಳ್ಳಾಪುರ ಒಂದು ತಾಲ್ಲೂಕಾಗೇ ಇದೆ. ಜಾಲದ ವಿಷಯದಲ್ಲೂ ಅಷ್ಟೇ, ಪೊಲೀಸ್ ಠಾಣೆ ಇರೋದು ಚಿಕ್ಕಜಾಲದ ಹೆಸರಲ್ಲಿ. ಹಾಗಾದ್ರೆ ಯಾವುದು ದೊಡ್ಡದು? ಮೊದಲು ಯಾವುದರಲ್ಲಿ ಅಂತ ಕೇಳ್ಬೇಕು. ಜನಸಂಖ್ಯೆಯಲ್ಲಾ, ಅಧಿಕಾರದಲ್ಲಾ, ವಯಸ್ಸಲ್ಲಾ? ಸಂಖ್ಯೆಗಳ ನಡುವೆ ಈ ಚಿಹ್ನೆ ಹಾಕೋದು ಸುಲಭ. ಊರುಗಳ ನಡುವೆ ಸ್ವಲ್ಪ ಕಷ್ಟ. ಮನುಷ್ಯರ ನಡುವೆ, ಅದರಲ್ಲೂ ಎರಡನೇ ಕ್ಲಾಸಿನ ಮಕ್ಕಳ ನಡುವೆ, ಹಾಕೋಕೇ ಹೋಗಬಾರದು ಅನ್ಸುತ್ತೆ ನನಗೆ. ಇವಳು ಅವಳಿಗಿಂತ ಕಮ್ಮಿ ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಿ. ಯಾವುದರಲ್ಲಿ, ಯಾವ ಅಳತೆಯಲ್ಲಿ ಅಂತ ಮಗು ತಿರುಗಿ ಕೇಳೋಕಾಗಲ್ಲ.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಟ್ಯೂಷನ್‌ನಲ್ಲಿ ಯಾವುದಾದ್ರೂ ಮಗು ಈ ಚಿಹ್ನೆಯನ್ನ ಉಲ್ಟಾ ಬರೆದ್ರೆ, ನಗೋ ಮುಂಚೆ ಒಂದು ಸಲ ಅದರ ಬಾಯಲ್ಲಿ ಓದಿಸಿ ನೋಡಿ. ಬಹುಶಃ ಮಗು ಸರಿಯಾಗೇ ಹೇಳ್ತಿರುತ್ತೆ. ನಾವು ಕೇಳಿಸ್ಕೊಂಡಿರಲ್ಲ.

ನಿಮ್ಮ ಕಡೆಯ ದೊಡ್ಡ–ಚಿಕ್ಕ ಊರುಗಳ ಜೋಡಿ ಯಾವುದು? ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ. ಅಲ್ಲಿವರೆಗೂ ಹುಷಾರಾಗಿರಿ.